ಯೂನಿವರ್ಸಿಟಿ ಉಪನ್ಯಾಸಕ್ಕೆ ಹೊರಗಿನವರು ಹೋದರೆ: ಹೋಗಿ ಬಂದವರ ಅನುಭವ

ಲೆಕ್ಕದವನು (ಪ್ರಶ್ನೆ):
ಕಾಲೇಜು ಬಿಟ್ಟು ಹದಿನೈದು ವರ್ಷ ಆಯಿತು. ನನ್ನದು ಲೆಕ್ಕಪತ್ರ ನೋಡುವ ಕೆಲಸ. ಹೋದ ತಿಂಗಳು ವಿಶ್ವವಿದ್ಯಾಲಯದಲ್ಲಿ ಬರಗಾಲಗಳ ಇತಿಹಾಸದ ಬಗ್ಗೆ ಒಂದು ಉಪನ್ಯಾಸ ಇತ್ತು. ಪೋಸ್ಟರ್‌ನಲ್ಲಿ ‘ಎಲ್ಲರಿಗೂ ಸ್ವಾಗತ’ ಅಂತ ನೋಡಿ ಹೋದೆ. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಅವರೆಲ್ಲೋ, ನಾನೆಲ್ಲೋ. ಪ್ರಶ್ನೆ ಕೇಳಿ ಅಂದಾಗ ಕೈ ಅರ್ಧ ಎತ್ತಿ, ತಲೆ ಕೆರೆದುಕೊಂಡು ಇಳಿಸಿದೆ. ಮರುವಾರ ಒಂದು ಪ್ಯಾನೆಲ್ ಚರ್ಚೆಗೆ ಹೋದೆ. ನಾಲ್ಕು ಜನ ನಾಲ್ಕು ಭಾಷಣ ಮಾಡಿ ಎದ್ದರು. ಚರ್ಚೆ ಎಲ್ಲಿತ್ತೋ ಗೊತ್ತಾಗಲಿಲ್ಲ. ನನ್ನಂಥವರು ಇಲ್ಲಿಗೆಲ್ಲ ಹೋಗುವುದು ಸರೀನಾ? ಹೋಗುವುದಾದರೆ ಯಾವುದನ್ನು ಆರಿಸಿಕೊಳ್ಳಬೇಕು? ಪ್ರಶ್ನೆ ಕೇಳುವುದು ಹೇಗೆ? ಹೋಗಿ ಅಭ್ಯಾಸ ಇರುವವರು ಹೇಳಿ.

ಹಿಂದಿನ ಬೆಂಚು:
ಸರೀನಾ ಅಂತ ಕೇಳಲೇಬೇಡಿ ಸರ್. ಹೊರಗಿನವರು ಬರಲಿ ಅಂತಲೇ ಇಂಥ ಎಷ್ಟೋ ಉಪನ್ಯಾಸ ಶುರುವಾದವು. ಸ್ಕಾಟ್ಲೆಂಡಿನ ಗಿಫರ್ಡ್ ಎಂಬ ನ್ಯಾಯಾಧೀಶರು ಅಲ್ಲಿನ ನಾಲ್ಕು ಹಳೆಯ ವಿಶ್ವವಿದ್ಯಾಲಯಗಳಿಗೆ ದತ್ತಿ ಇಟ್ಟು ಹೋದರು. ಕೇಳಲು ಯಾರು ಬೇಕಾದರೂ ಬರಬಹುದು, ವಿದ್ಯಾರ್ಥಿಯಾಗಿ ಹೆಸರು ಬರೆಸಿರಬೇಕಿಲ್ಲ ಅಂತ ಉಯಿಲಿನಲ್ಲೇ ಬರೆದಿಟ್ಟರು. 1888ರಲ್ಲಿ ಶುರುವಾದ ಆ ಉಪನ್ಯಾಸಗಳು ಇವತ್ತಿಗೂ ಇವೆ. ಲಂಡನ್ನಿನ ಗ್ರೆಷಮ್ ಕಾಲೇಜು ಇನ್ನೂ ಹಳೆಯದು, 1597ರದು. ಅಲ್ಲಿ ಪ್ರಾಧ್ಯಾಪಕರಿದ್ದಾರೆ, ದಾಖಲಾದ ವಿದ್ಯಾರ್ಥಿಗಳೇ ಇಲ್ಲ. ಪದವಿಯೂ ಕೊಡುವುದಿಲ್ಲ. ಬಂದು ಕೂತ ಜನರೇ ಅದರ ತರಗತಿ.

ಆರಿಸುವ ವಿಷಯಕ್ಕೆ ಬಂದರೆ, ಪೋಸ್ಟರ್‌ನಲ್ಲಿ ಕಾರ್ಯಕ್ರಮಕ್ಕೆ ಏನಂತ ಕರೆದಿದ್ದಾರೆ ನೋಡಿ. ದತ್ತಿ ಉಪನ್ಯಾಸ, ಸ್ಮಾರಕ ಉಪನ್ಯಾಸ ಅಂದರೆ ಸಾಮಾನ್ಯವಾಗಿ ಎಲ್ಲರಿಗೂ. ವಿಭಾಗದ ಸೆಮಿನಾರ್ ಅಂದರೆ ಅದೇ ಕೆಲಸ ಮಾಡುವವರಿಗೆ. ಅಲ್ಲಿ ಅರ್ಥ ಆಗದಿದ್ದರೆ ತಪ್ಪು ನಿಮ್ಮದಲ್ಲ. ಕೊಲೊಕ್ವಿಯಂ, ಅಂದರೆ ಇಡೀ ವಿಭಾಗಕ್ಕೆ ಅಂತ ಇಡುವ ಉಪನ್ಯಾಸ, ಎರಡರ ನಡುವೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು, ಹೊಸದಾಗಿ ಪ್ರಾಧ್ಯಾಪಕರಾದವರು ಕೊಡುವ ಮೊದಲ ಸಾರ್ವಜನಿಕ ಉಪನ್ಯಾಸ. ಅವತ್ತು ಅವರ ಮನೆಯವರೆಲ್ಲ ಬಂದು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅಮ್ಮನಿಗೂ ಅರ್ಥ ಆಗುವ ಹಾಗೆ ಮಾತಾಡದೆ ಬೇರೆ ದಾರಿಯೇ ಇಲ್ಲ ಪಾಪ.

ಪಾಠದ ಮೇಷ್ಟ್ರು:
ಇಪ್ಪತ್ತು ನಿಮಿಷಕ್ಕೆ ದಾರಿ ತಪ್ಪಿತು ಅಂದಿರಲ್ಲ, ಅದು ನಿಮ್ಮ ತಲೆಯ ದೋಷ ಅಲ್ಲ. ನಮ್ಮಲ್ಲಿ ಬಹಳ ಜನ ಒಂದು ಗಂಟೆಯನ್ನು ಮೂರು ಭಾಗ ಮಾಡಿಕೊಂಡು ತಯಾರಾಗುತ್ತೇವೆ. ಮೊದಲ ಭಾಗ ಎಲ್ಲರಿಗೂ. ಎರಡನೆಯದು ಆ ವಿಷಯ ಓದಿದವರಿಗೆ. ಮೂರನೆಯದು, ಸಭೆಯಲ್ಲಿ ಕೂತಿರುವ ನಾಲ್ಕೈದು ಪಕ್ಕಾ ಪರಿಣತರಿಗೆ. ನೇರವಾಗಿ ಹೇಳಬೇಕು ಅಂದರೆ, ನಮಗೂ ಇದೆಲ್ಲ ಗೊತ್ತು ಅಂತ ಅವರಿಗೆ ತೋರಿಸುವುದಕ್ಕೆ. ಹಾಗಾಗಿ ಮಧ್ಯದಲ್ಲಿ ತಪ್ಪಿಹೋದರೆ ಗಾಬರಿ ಬೇಡ, ಎದ್ದು ಹೋಗಲೂ ಬೇಡ. ಕೊನೆಯ ಐದು ನಿಮಿಷ ಮತ್ತೆ ಎಲ್ಲರ ಹತ್ತಿರ ಬರುತ್ತೇವೆ. ‘ಇದರಿಂದ ಏನು ಗೊತ್ತಾಗುತ್ತದೆ’, ‘ಇನ್ನೂ ಏನು ಗೊತ್ತಿಲ್ಲ’ ಅನ್ನುವುದೆಲ್ಲ ಅಲ್ಲೇ ಬರುತ್ತದೆ. ಮಧ್ಯದ ಹೊತ್ತಿನಲ್ಲಿ ನಾನೇ ಬೇರೆಯವರ ಉಪನ್ಯಾಸಕ್ಕೆ ಹೋದಾಗ ಮಾಡುವ ಕೆಲಸ ಒಂದಿದೆ. ತಿಳಿಯದ ಪದ ಮತ್ತೆ ಮತ್ತೆ ಬಂದರೆ ಅದನ್ನು ಬರೆದುಕೊಂಡು ಪಕ್ಕದಲ್ಲಿ ಗೀಟು ಹಾಕುತ್ತಾ ಹೋಗುತ್ತೇನೆ. ಆರು ಗೀಟು ಬಿದ್ದ ಪದವೇ ಆ ಉಪನ್ಯಾಸದ ಬೀಗದ ಕೈ. ಮನೆಗೆ ಹೋಗಿ ಅದೊಂದನ್ನು ಓದಿದರೆ ಸಾಕು, ಅರ್ಧ ಮಾತು ಆಮೇಲೆ ಅರ್ಥ ಆಗುತ್ತದೆ.

ಹೆದರಿಕೆ ನಿಮಗೆ ಮಾತ್ರ ಅಂದುಕೊಂಡಿದ್ದೀರಾ? ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಶುಕ್ರವಾರ ಸಂಜೆ ಸಾರ್ವಜನಿಕ ಉಪನ್ಯಾಸ ಇಟ್ಟುಕೊಳ್ಳುವ ಪದ್ಧತಿ ಇದೆ. ಒಮ್ಮೆ ಮಾತಾಡಬೇಕಿದ್ದವರು ಹೆದರಿ ಓಡಿಹೋದರು, ಅದಕ್ಕೇ ಈಗ ಉಪನ್ಯಾಸಕರನ್ನು ಮೊದಲೇ ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ ಅಂತ ಒಂದು ಕಥೆ ಓಡಾಡುತ್ತಿರುತ್ತದೆ. ಕಥೆ ಹೇಗಾದರೂ ಇರಲಿ, 1846ರ ಏಪ್ರಿಲ್‌ನಲ್ಲಿ ಒಂದು ಸಂಜೆ ವಿಜ್ಞಾನಿ ಮೈಕಲ್ ಫ್ಯಾರಡೆ ಅಲ್ಲಿ ಮಾತಾಡಿದ್ದು ನಿಜ. ಹೇಳಬೇಕಾದ್ದು ಬೇಗ ಮುಗಿದುಹೋಯಿತು, ಸಮಯ ಉಳಿದಿತ್ತು. ಆಗ ಅವರು ತಮ್ಮ ತಲೆಯಲ್ಲಿದ್ದ ಒಂದು ಹಸಿ ಊಹೆಯನ್ನೇ ಜನರ ಮುಂದೆ ಇಟ್ಟರು. ಬೆಳಕು ಅಂದರೆ ಬಲರೇಖೆಗಳ (ಅಯಸ್ಕಾಂತದಂಥವುಗಳ ಸುತ್ತ ಬಲ ಹರಡುವ ದಾರಿಯನ್ನು ತೋರಿಸುವ ಗೆರೆಗಳ) ಕಂಪನ ಇರಬಹುದಾ ಅಂತ. ಸುಮಾರು ಇಪ್ಪತ್ತು ವರ್ಷದ ನಂತರ ಮ್ಯಾಕ್ಸ್‌ವೆಲ್ ಎಂಬ ಭೌತವಿಜ್ಞಾನಿ ತಮ್ಮ ವಿದ್ಯುತ್ಕಾಂತೀಯ ಸಿದ್ಧಾಂತ ಬರೆದಾಗ ಆ ಊಹೆಯನ್ನು ನೆನೆದರು. ಹಸಿ ಯೋಚನೆಗೂ ಸಭೆಯಲ್ಲಿ ಜಾಗ ಇದೆ ಸ್ವಾಮಿ, ನಿಮ್ಮದಕ್ಕೂ.

ರೆಕಾರ್ಡಿಂಗ್ ಸಾಕು:
ನಾನು ಹೋಗುವುದನ್ನೇ ಬಿಟ್ಟೆ. ಭೌತವಿಜ್ಞಾನಿ ಫೈನ್‌ಮನ್ 1964ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಏಳು ಉಪನ್ಯಾಸಗಳನ್ನು ಬಿಬಿಸಿ ಚಿತ್ರೀಕರಿಸಿತ್ತು, ಅವನ್ನು ಮನೆಯಲ್ಲೇ ಕೂತು ನೋಡಿದೆ. ತಿಳಿಯದಿದ್ದರೆ ನಿಲ್ಲಿಸಿ ಹಿಂದಕ್ಕೆ ಹೋಗಬಹುದು. ಸಭಾಂಗಣದಲ್ಲಿ ಆ ಸೌಕರ್ಯ ಎಲ್ಲಿದೆ?

ಹಿಂದಿನ ಬೆಂಚು:
ನಿಲ್ಲಿಸಬಹುದು, ಒಪ್ಪಿದೆ. ಆದರೆ ಫೈನ್‌ಮನ್‌ಗೆ ಪ್ರಶ್ನೆ ಕೇಳಿದಿರಾ?

ಮೈಕ್ ಹಿಡಿದವಳು:
ಪ್ಯಾನೆಲ್ ಬಗ್ಗೆ ನಾನು ಹೇಳುತ್ತೇನೆ. ಸಾಕಷ್ಟು ಗೋಷ್ಠಿ ನಡೆಸಿಕೊಟ್ಟಿದ್ದೇನೆ, ಅದರಲ್ಲಿ ಕೆಟ್ಟವೂ ಇವೆ. ಲೆಕ್ಕ ನಿಮಗೇ ಚೆನ್ನಾಗಿ ಗೊತ್ತಲ್ವಾ, ಕೂಡಿ ನೋಡಿ. ಒಟ್ಟು 90 ನಿಮಿಷ. ಸ್ವಾಗತ, ಪರಿಚಯ ಅಂತ 15 ಹೋಯಿತು. ನಾಲ್ಕು ಜನಕ್ಕೆ ಹತ್ತತ್ತು ನಿಮಿಷ ಅಂತ ಹೇಳಿರುತ್ತೇವೆ, ಒಬ್ಬೊಬ್ಬರೂ 15 ತೆಗೆದುಕೊಳ್ಳುತ್ತಾರೆ. ಅಲ್ಲಿಗೆ 75. ಶುರುವಾಗಿದ್ದೇ 10 ನಿಮಿಷ ತಡ. ಉಳಿದಿದ್ದು ಐದು ನಿಮಿಷ, ಅದರಲ್ಲಿ ವಂದನಾರ್ಪಣೆ. ಚರ್ಚೆ ಎಲ್ಲಿಂದ ಬರಬೇಕು?

ಅದಕ್ಕೇ ಪ್ಯಾನೆಲ್ ಆರಿಸುವಾಗ ದೊಡ್ಡ ಹೆಸರುಗಳನ್ನು ನೋಡಬೇಡಿ. ಎಷ್ಟು ಜನ ಕೂರುತ್ತಾರೆ, ನಡೆಸಿಕೊಡುವವರು ಯಾರು, ಈ ಎರಡನ್ನು ನೋಡಿ. ಮೂರು ಜನ ಇದ್ದರೆ ಮಾತು ಬೆಳೆಯುತ್ತದೆ. ಐದಾರು ಜನ ಇದ್ದರೆ ಅದು ಸರದಿ ಭಾಷಣ. ಒಳ್ಳೆಯ ಮಾಡರೇಟರ್‌ಗೆ ಒಂದು ಗುರುತು ಇದೆ. ಮೊದಲನೆಯವರು ಹೇಳಿದ್ದನ್ನು ಹಿಡಿದು ಎರಡನೆಯವರಿಗೆ ‘ಇದನ್ನು ನೀವು ಒಪ್ಪುತ್ತೀರಾ?’ ಅಂತ ಕೇಳುತ್ತಾರೆ. ಅಷ್ಟೇ. ‘ಈಗ ನಿಮ್ಮ ಅನಿಸಿಕೆ’ ಅಂತ ಮೈಕ್ ದಾಟಿಸುತ್ತಾ ಹೋದರೆ ನೀವು ಸುಮ್ನೆ ಎದ್ದು ಬರಬಹುದು, ನಾನೇನೂ ತಪ್ಪು ತಿಳಿಯುವುದಿಲ್ಲ.

ಇನ್ನೊಂದು. ಕೆಲವು ಗೋಷ್ಠಿಗಳಲ್ಲಿ ಶುರುವಿನಲ್ಲೇ ‘ಇಲ್ಲಿ ಚಾಥಮ್ ಹೌಸ್ ನಿಯಮ’ ಅನ್ನುತ್ತಾರೆ. 1927ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ನಿಯಮ ಅದು. ಕೇಳಿದ ವಿಷಯವನ್ನು ಹೊರಗೆ ಬಳಸಬಹುದು, ಯಾರು ಹೇಳಿದರು ಅಂತ ಮಾತ್ರ ಹೇಳಬಾರದು. ಅಂಥ ಕಡೆ ಫೋಟೋಗೆ ಹೆಸರು ಬರೆದು ಹಂಚಬೇಡಿ.

ಥೀಸಿಸ್ ಮುಗಿಯದವಳು:
ಪ್ರಶ್ನೆ ಕೇಳುವ ಭಯ ಒಳಗಿನವರಿಗೂ ಇದೆ. ನಾನು ಪಿಎಚ್‌ಡಿಗೆ ಸೇರಿ ಎರಡು ವರ್ಷ ಬಾಯಿ ಬಿಟ್ಟಿರಲಿಲ್ಲ. 2018ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 10 ದೇಶಗಳ 35 ಸಂಸ್ಥೆಗಳಲ್ಲಿ ಸುಮಾರು 250 ಸೆಮಿನಾರ್‌ಗಳಲ್ಲಿ ಕೂತು, ಯಾರು ಪ್ರಶ್ನೆ ಕೇಳುತ್ತಾರೆ ಅಂತ ಎಣಿಸಿದ್ದರು. ಸಭೆಯಲ್ಲಿ ಹೆಂಗಸರು, ಗಂಡಸರು ಹೆಚ್ಚುಕಡಿಮೆ ಸಮ ಇದ್ದರೂ, ಪ್ರಶ್ನೆ ಗಂಡಸಿನಿಂದ ಬರುವ ಸಾಧ್ಯತೆ 2.5 ಪಟ್ಟು ಜಾಸ್ತಿ ಇತ್ತು. ಮೊದಲ ಪ್ರಶ್ನೆ ಗಂಡಸು ಕೇಳಿದರೆ ಆಮೇಲಿನ ವ್ಯತ್ಯಾಸ ಇನ್ನೂ ಹೆಚ್ಚು. ಅದನ್ನು ಓದಿದ ಮೇಲೆ ಒಂದು ಹಟ ಹಿಡಿದೆ. ಆದಷ್ಟೂ ಮೊದಲ ಪ್ರಶ್ನೆ ನನ್ನದೇ. ಕಾದಷ್ಟೂ ಎದೆ ಹೊಡೆದುಕೊಳ್ಳುತ್ತದೆ, ನಮ್ಮ ಪ್ರಶ್ನೆ ಬೇರೆಯವರ ಪ್ರಶ್ನೆಯ ಮುಂದೆ ಪೆದ್ದಾಗಿ ಕಾಣತೊಡಗುತ್ತದೆ.

ನಾನು ಮಾಡುವುದು ಇಷ್ಟು. ಉಪನ್ಯಾಸ ನಡೆಯುವಾಗಲೇ ಪ್ರಶ್ನೆಯನ್ನು ಪೂರ್ತಿ ವಾಕ್ಯದಲ್ಲಿ ಬರೆದುಕೊಳ್ಳುತ್ತೇನೆ. ಎರಡು ಸಾಲು ದಾಟಿದರೆ ಹೊಡೆದುಹಾಕಿ ಮತ್ತೆ ಬರೆಯುತ್ತೇನೆ. ಎದ್ದು ನಿಂತು ಅದನ್ನೇ ಓದುತ್ತೇನೆ. ನಾಚಿಕೆ ಯಾಕೆ, ಅವರೂ ಸ್ಲೈಡ್ ನೋಡಿಕೊಂಡೇ ಓದಿದ್ದಲ್ವಾ! ‘ನನ್ನದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ’ ಅಂತ ಶುರು ಮಾಡುವ ಮಹನೀಯರು ಪ್ರತಿ ಸಭೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರ ನಾಲ್ಕು ನಿಮಿಷದ ಮುಂದೆ ನಿಮ್ಮ ಎರಡು ಸಾಲನ್ನು ಎಲ್ಲರೂ ಕೈ ಮುಗಿದು ಕೇಳುತ್ತಾರೆ.

ಏನು ಕೇಳಬೇಕು ಅಂತ ತೋಚದಿದ್ದರೆ ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಅನ್ನುವುದರ ಸುತ್ತ ಯೋಚಿಸಿ. ಯಾವ ದಾಖಲೆ, ಯಾರು ಅಳೆದರು, ಬಿಟ್ಟುಹೋದದ್ದು ಏನು. ಇದಕ್ಕೆ ವಿಷಯ ಓದಿರಬೇಕಿಲ್ಲ. ನೀವು ನಿಮ್ಮ ಕೆಲಸದಲ್ಲಿ ದಿನಾ ಕೇಳುವ ಪ್ರಶ್ನೆಯೇ ಇದು. ಮೈಕ್ ಹಿಡಿದು ಕೇಳಲು ಆಗುವುದೇ ಇಲ್ಲ ಅಂದರೆ ಮುಗಿದ ಮೇಲೆ ವೇದಿಕೆ ಹತ್ತಿರ ಹೋಗಿ. ಅವರು ಲ್ಯಾಪ್‌ಟಾಪ್‌ನ ವೈರ್ ಸುತ್ತುತ್ತಾ ನಿಂತಿರುತ್ತಾರೆ, ಯಾರಾದರೂ ಬಂದು ಮಾತಾಡಿಸಲಿ ಅಂತ ಅವರಿಗೂ ಇರುತ್ತದೆ.

ಲೆಕ್ಕದವನು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿ ಬಂದೆ, ಹೇಳಲೇಬೇಕು ಅನ್ನಿಸಿತು. ಸ್ಮಾರಕ ಉಪನ್ಯಾಸ, ಒಂದು ಹಳೆಯ ಬಂದರಿನ ಸುಂಕದ ದಾಖಲೆಗಳ ಬಗ್ಗೆ. ಗೀಟು ಹಾಕಿದೆ, ಒಂದು ಪದಕ್ಕೆ ಒಂಬತ್ತು ಬಿತ್ತು. ನಡುವೆ ಕಾಲು ಗಂಟೆ ಏನೂ ತಲೆಗೆ ಹೋಗಲಿಲ್ಲ. ಮೇಷ್ಟ್ರು ಹೇಳಿದ್ದರಲ್ಲ ಅಂತ ಸುಮ್ಮನೆ ಕೂತೆ.

ಆದರೆ ಒಂದು ಸ್ಲೈಡ್‌ನಲ್ಲಿ ರಿಜಿಸ್ಟರ್‌ನ ಫೋಟೋ ಇತ್ತು. ತಿಂಗಳ ಒಟ್ಟು ಮೊತ್ತಗಳು ಸಾಲಾಗಿ. ಹನ್ನೆರಡರಲ್ಲಿ ಹತ್ತು ಮೊತ್ತ ಸೊನ್ನೆಯಲ್ಲಿ ಮುಗಿಯುತ್ತಿದ್ದವು. ನಮ್ಮ ಕೆಲಸದಲ್ಲಿ ಹೀಗೆ ಕಂಡರೆ ಮೊದಲು ಕಿವಿ ನೆಟ್ಟಗಾಗುತ್ತದೆ. ಎರಡು ಸಾಲಿನಲ್ಲಿ ಬರೆದುಕೊಂಡೆ. ಮೊದಲ ಪ್ರಶ್ನೆ ನನ್ನದಾಗಲಿಲ್ಲ, ‘ಅನಿಸಿಕೆ’ಯವರು ಮೊದಲೇ ಮೈಕ್ ಹಿಡಿದಿದ್ದರು. ಮೂರನೆಯದು ನನ್ನದು. ಚೀಟಿ ಕೈಯಲ್ಲಿ ನಡುಗುತ್ತಿತ್ತು, ಹಾಗೇ ಓದಿದೆ. ‘ಈ ಮೊತ್ತಗಳು ದಿನದಿನದ ವಸೂಲಿ ಕೂಡಿ ಬಂದವೋ, ಅಥವಾ ಮೊದಲೇ ಗೊತ್ತು ಮಾಡಿದ್ದ ಗುತ್ತಿಗೆ ಹಣವೋ?’

ಅವರು ತಕ್ಷಣ ಉತ್ತರ ಕೊಡಲಿಲ್ಲ. ಸ್ಲೈಡ್‌ಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ ಆ ಫೋಟೋಗೆ ಬಂದರು. ಕನ್ನಡಕ ಹಣೆಗೆ ಏರಿಸಿ ಪರದೆಯ ಹತ್ತಿರ ಹೋಗಿ ನಿಂತು, ಬೆರಳಿಟ್ಟು ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ನೀವು ಯಾವ ವಿಭಾಗದವರು?’ ಅಂದರು.

‘ಯಾವುದೂ ಅಲ್ಲ ಮೇಡಂ’ ಅಂದೆ. ‘ಹಾಗಿದ್ದರೆ ಮುಗಿದ ಮೇಲೆ ಒಂಚೂರು ಇರಿ’ ಅಂದರು. ವೈರ್ ಸುತ್ತುವವರೆಗೂ ಇದ್ದೆ.