ಗಾಡಿ ಓಡುವಾಗಲೇ ಕ್ಯಾಂಪರ್‌ನ ಎರಡನೇ ಬ್ಯಾಟರಿ ಚಾರ್ಜ್ ಮಾಡೋದು ಹೇಗೆ? ಗೊತ್ತಿರುವವರು ಹೇಳಿ

ಪ್ರಶ್ನೆ: ಬಿಎಸ್-6 ಟೆಂಪೋ ಟ್ರಾವೆಲರ್ ಅನ್ನು ಕ್ಯಾಂಪರ್ ಮಾಡಿಸುತ್ತಿದ್ದೇನೆ. ಹಿಂದೆ 12 ವೋಲ್ಟ್, 100 ಎಎಚ್ (ಆಂಪ್-ಅವರ್) ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಸಣ್ಣ ಫ್ರಿಜ್, ಫ್ಯಾನ್, ಲೈಟ್ ಅದರಲ್ಲೇ ಓಡಬೇಕು. ಎಂಜಿನ್ ಬ್ಯಾಟರಿಯಿಂದ ಅಲ್ಲಿಗೆ 5 ಮೀಟರ್ ವೈರ್ ಬೇಕು. ಎಲೆಕ್ಟ್ರಿಷಿಯನ್ ‘ಎರಡೂ ಬ್ಯಾಟರಿ ಸೇರಿಸೋಕೆ ಒಂದು ರಿಲೇ (ತಾನಾಗಿ ಆನ್-ಆಫ್ ಆಗುವ ಸ್ವಿಚ್) ಹಾಕಿದರೆ ಸಾಕು’ ಅನ್ನುತ್ತಾರೆ. ಸಾಕಾ ಸರ್?

— ಸಾಲದು. ಲಿಥಿಯಂ ಬ್ಯಾಟರಿಯ ಒಳರೋಧ ಬಹಳ ಕಡಿಮೆ. ಖಾಲಿಯಾಗಿದ್ದಾಗ ನೇರವಾಗಿ ಸೇರಿಸಿದರೆ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಜನರೇಟರ್) ಕೊಡುವಷ್ಟು ಕರೆಂಟನ್ನೂ ಎಳೆಯುತ್ತೆ. ಚಾರ್ಮಾಡಿಯಂಥ ಘಾಟಿಯಲ್ಲಿ ಲಾರಿ ಹಿಂದೆ ತೆವಳುವಾಗ ಆಲ್ಟರ್ನೇಟರ್‌ಗೆ ಗಾಳಿಯೂ ಇಲ್ಲ, ಸುತ್ತುವ ವೇಗವೂ ಇಲ್ಲ. ವೈಂಡಿಂಗ್, ಡಯೋಡ್ ಸುಡೋದು ಅಲ್ಲೇ. ಇನ್ನೊಂದು ತೊಂದರೆ ಎಂಜಿನ್ ಆಫ್ ಆದಮೇಲೆ. ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ ಸಾಮಾನ್ಯವಾಗಿ 13.3 ವೋಲ್ಟ್‌ಗೆ ಸೇರಿ 12.8ಕ್ಕೆ ಬಿಡುತ್ತೆ. ತುಂಬಿದ ಎಲ್‌ಎಫ್‌ಪಿ ಸುಮ್ಮನಿದ್ದಾಗಲೇ 13.3ರ ಆಸುಪಾಸು ಇರುವುದರಿಂದ ರಿಲೇ ಬಿಡುವುದೇ ಇಲ್ಲ. ಎಲ್‌ಎಫ್‌ಪಿ ವೋಲ್ಟೇಜ್ 12.8ಕ್ಕೆ ಇಳಿಯುವ ಹೊತ್ತಿಗೆ ಬ್ಯಾಟರಿ ಬಹುಪಾಲು ಖಾಲಿ.

ಡಿಸಿ-ಡಿಸಿ ಚಾರ್ಜರ್ (ಎಂಜಿನ್ ಕಡೆಯ ಕರೆಂಟನ್ನು ಮಿತಿಯಲ್ಲಿ ಎಳೆದು, ಹಿಂದಿನ ಬ್ಯಾಟರಿಗೆ ಬೇಕಾದ ವೋಲ್ಟೇಜ್‌ನಲ್ಲಿ ಕೊಡುವ ಪೆಟ್ಟಿಗೆ) ಹಾಕಿಸಿ, 30 ಆಂಪ್‌ನದು. 50ರದ್ದಕ್ಕೆ ಆಸೆಪಡಬೇಡಿ. ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಆಲ್ಟರ್ನೇಟರ್ ತನ್ನ ರೇಟಿಂಗ್‌ನ ಅರ್ಧದಷ್ಟು ಕೊಟ್ಟರೆ ಹೆಚ್ಚು, ಅದರಲ್ಲೇ ಹೆಡ್‌ಲೈಟ್, ಬ್ಲೋವರ್ ಎಲ್ಲ ನಡೆಯಬೇಕು.

— ಹಳೇ ಗಾಡಿ, ಮಾಮೂಲಿ ಆಲ್ಟರ್ನೇಟರ್, ಹಿಂದೆಯೂ ಲೆಡ್-ಆಸಿಡ್ ಬ್ಯಾಟರಿ ಇದ್ದರೆ ರಿಲೇ ಇವತ್ತಿಗೂ ಅಗ್ಗದ, ಒಳ್ಳೆಯ ದಾರಿ. ಅದನ್ನು ಪೂರ್ತಿ ತಳ್ಳಿಹಾಕಬೇಡಿ. ಆದರೆ ಬಿಎಸ್-6 ಗಾಡಿಗಳಲ್ಲಿ ಹಲವಕ್ಕೆ ಸ್ಮಾರ್ಟ್ ಆಲ್ಟರ್ನೇಟರ್ (ಗಾಡಿಯ ಕಂಪ್ಯೂಟರ್ ವೋಲ್ಟೇಜ್ ಏರಿಳಿಸುವಂಥದ್ದು) ಬಂದಿದೆ. ನಿಮ್ಮದನ್ನು ಪರೀಕ್ಷಿಸಿ: ಪಕ್ಕದವರ ಕೈಯಲ್ಲಿ ಮಲ್ಟಿಮೀಟರ್ ಕೊಟ್ಟು ಅರ್ಧ ಗಂಟೆ ಹೈವೇಯಲ್ಲಿ ಓಡಿಸಿ. ಒಂದೇ ಸಮ 13.8–14.4 ವೋಲ್ಟ್ ತೋರಿಸಿದರೆ ಮಾಮೂಲಿ. ಒಂದೇ ವೇಗದಲ್ಲಿ ಹೋಗುವಾಗ 12.5ರತ್ತ ಇಳಿದು, ಆಕ್ಸಿಲರೇಟರ್ ಬಿಟ್ಟಾಗ 15ರ ಹತ್ತಿರ ಹಾರಿದರೆ ಸ್ಮಾರ್ಟ್. ಅದಕ್ಕೆ ರಿಲೇ ಹಾಕಿದರೆ ಬ್ಯಾಟರಿ ಯಾವತ್ತೂ ತುಂಬಲ್ಲ.

— ಕೆಲಸ ಕೆಡೋದು ವೈರಿನಲ್ಲಿ. 30 ಆಂಪ್ ಕೊಡುವ ಚಾರ್ಜರ್ ಎಂಜಿನ್ ಕಡೆಯಿಂದ 38–40 ಆಂಪ್ ಎಳೆಯುತ್ತೆ. ಹೋಗಿಬರುವ ದಾರಿ ಸೇರಿ 10 ಮೀಟರ್. 6 ಸ್ಕ್ವೇರ್ ಎಂಎಂ ವೈರಾದರೆ ದಾರಿಯಲ್ಲೇ 1 ವೋಲ್ಟ್‌ಗಿಂತ ಹೆಚ್ಚು ನಷ್ಟ; 16 ಸ್ಕ್ವೇರ್ ಎಂಎಂ ಆದರೆ 0.4 ವೋಲ್ಟ್. 16ರದ್ದೇ ತನ್ನಿ, ಸಣ್ಣ ಎಳೆಗಳ ಫ್ಲೆಕ್ಸಿಬಲ್ ತಾಮ್ರ.

ಫ್ಯೂಸ್ ಎರಡೂ ಬ್ಯಾಟರಿಗಳ ಪಾಸಿಟಿವ್ ಬಳಿ ಬೇಕು, ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ, 60 ಆಂಪ್‌ನ ಬೋಲ್ಟ್ ಮಾಡುವ ಮಿಡಿ ಫ್ಯೂಸ್. ಒಂದೇ ಕಡೆ ಹಾಕಿದರೆ ವೈರ್ ನಡುವೆ ಉಜ್ಜಿ ಗಾಡಿಯ ಲೋಹದ ಮೈಗೆ ತಾಗಿದಾಗ ಇನ್ನೊಂದು ಬ್ಯಾಟರಿ ಬೆಂಕಿ ಹಚ್ಚುತ್ತೆ. ಮನೆಯ ಎಂಸಿಬಿ ತಂದು ಕೂರಿಸಬೇಡಿ, ಅದು ಎಸಿಗೆ ಮಾಡಿದ್ದು. ವೈರ್ ತುದಿಯ ಲಗ್‌ಗಳನ್ನು (ಬೋಲ್ಟ್‌ಗೆ ಕೂರುವ ಲೋಹದ ಬಳೆ) ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿಸಿ. ಸುತ್ತಿಗೆಯಲ್ಲಿ ಬಡಿದ ಲಗ್ ಕುಲುಕಾಟಕ್ಕೆ ಸಡಿಲವಾಗಿ ಬಿಸಿಯೇರುತ್ತೆ, ಮೊದಲು ಕರಗೋದು ಫ್ಯೂಸ್ ಹೋಲ್ಡರ್.

— ಮೇಲಿನದಕ್ಕೆ ಸೇರಿಸುತ್ತೇನೆ. ಎಂಜಿನ್ ಬ್ಯಾಟರಿಯ ನೆಗೆಟಿವ್ ಮೇಲೆ ಕರೆಂಟ್ ಅಳೆಯುವ ಸಣ್ಣ ಸೆನ್ಸರ್ ಇದ್ದರೆ ಚಾರ್ಜರ್‌ನ ನೆಗೆಟಿವ್ ಅನ್ನು ನೇರ ಟರ್ಮಿನಲ್‌ಗೆ ಕಟ್ಟಬೇಡಿ, ಚಾಸಿಸ್ ಅರ್ತ್ ಪಾಯಿಂಟ್‌ಗೆ ಕೊಡಿ. ಇಲ್ಲದಿದ್ದರೆ ನೀವು ಎಳೆಯುವ ಕರೆಂಟ್ ಸೆನ್ಸರ್ ಲೆಕ್ಕಕ್ಕೇ ಬರಲ್ಲ. ಸ್ಮಾರ್ಟ್ ಆಲ್ಟರ್ನೇಟರ್ ಆದರೆ ವೋಲ್ಟೇಜ್ ನೋಡಿ ಎಂಜಿನ್ ಓಡುತ್ತಿದೆಯೇ ಅಂತ ಚಾರ್ಜರ್‌ಗೆ ಗೊತ್ತಾಗಲ್ಲ. ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರುವ ಲೈನಿನಿಂದ 3 ಆಂಪ್ ಫ್ಯೂಸ್ ಹಾಕಿ ಒಂದು ಸಣ್ಣ ವೈರ್ ಎಳೆದು ಕೊಡಿ.

ಸೆಟ್ಟಿಂಗ್: ಲಿಥಿಯಂ ಮೋಡ್, 14.2 ವೋಲ್ಟ್, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5, ಈಕ್ವಲೈಸ್ ಆಫ್. ಬ್ಯಾಟರಿ ಕಂಪನಿಯ ಹಾಳೆ ಬೇರೆ ಹೇಳಿದರೆ ಅದೇ ಸರಿ. ಲೇಹ್, ಸ್ಪಿತಿ ಕಡೆ ಹೊರಟರೆ ಎಚ್ಚರ: ಸೊನ್ನೆ ಡಿಗ್ರಿ ಕೆಳಗೆ ಎಲ್‌ಎಫ್‌ಪಿ ಚಾರ್ಜ್ ಮಾಡಿದರೆ ಸೆಲ್ ಶಾಶ್ವತವಾಗಿ ಹಾಳು. ಬಿಎಂಎಸ್‌ನಲ್ಲಿ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಕೋಲ್ಡ್ ಕಟ್‌ಆಫ್ (ಚಳಿಯಲ್ಲಿ ಚಾರ್ಜ್ ನಿಲ್ಲಿಸುವುದು) ಇದೆಯೇ ಅಂತ ಕೊಳ್ಳುವಾಗಲೇ ಕೇಳಿ.

— ಚಾರ್ಜರನ್ನು ಬಾನೆಟ್ ಒಳಗೆ ಕೂರಿಸಲು ಬಿಡಬೇಡಿ. ಬಿಸಿಯಾದಷ್ಟೂ ತಾನಾಗಿ ಔಟ್‌ಪುಟ್ ಇಳಿಸುತ್ತೆ. ಬೇಸಿಗೆಯಲ್ಲಿ ಕಲಬುರಗಿ ರಸ್ತೆಯಲ್ಲಿ ಕೇಳುವುದೇ ಬೇಡ. ಹಿಂದಿನ ಬ್ಯಾಟರಿ ಪಕ್ಕದಲ್ಲೇ, ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿ. 30 ಆಂಪ್‌ನಲ್ಲಿ ಎರಡು ಗಂಟೆ ಓಡಿದರೆ 60 ಎಎಚ್ ಹತ್ತಿರ ಸಿಗುತ್ತೆ. 45 ವ್ಯಾಟ್‌ನ ಕಂಪ್ರೆಸರ್ ಫ್ರಿಜ್ ಓಡುವಾಗ 4 ಆಂಪ್ ತಿನ್ನುತ್ತೆ, ದಿನದ ಮೂರನೇ ಒಂದು ಭಾಗ ಓಡಿದರೂ 30 ಎಎಚ್ ದಾಟುತ್ತೆ. ಒಂದೇ ಜಾಗದಲ್ಲಿ ಎರಡು ಮೂರು ದಿನ ಠಿಕಾಣಿ ಹೂಡುವವರಾದರೆ ಮೇಲೆ ಸೋಲಾರ್ ಪ್ಯಾನೆಲ್ ಕೂಡ ಬೇಕು.