ಹೊಸ ಚೈನ್ ಹಾಕಿಸಿದ ಮೇಲೆ ಸೈಕಲ್ ಜಿಗಿಯುತ್ತಿದೆ: ರಿಪೇರಿ ಮಾಡಿಸಿದವರು ಅನುಭವ ಹೇಳಿ

ಮಗಳು ಪಿಯುಸಿ ಮೊದಲ ವರ್ಷ. ಶಿವಮೊಗ್ಗದ ಗೋಪಾಳದಲ್ಲಿ ಮನೆ. ಕಾಲೇಜಿಗೆ ಏಳು ಗೇರಿನ ಸೈಕಲ್‌ನಲ್ಲಿ ಹೋಗಿಬರುತ್ತಾಳೆ. ಸೈಕಲ್ ಕೊಂಡು ನಾಲ್ಕು ವರ್ಷವಾಯಿತು. ಕಳೆದ ವಾರ ಚೈನ್ ತುಂಡಾಯಿತೆಂದು ಹತ್ತಿರದ ಅಂಗಡಿಯಲ್ಲಿ ಹೊಸದು ಹಾಕಿಸಿದೆ. ಮರುದಿನದಿಂದ ಒಂದೇ ಗೋಳು: ಏರಿನಲ್ಲಿ ಸ್ವಲ್ಪ ಜೋರಾಗಿ ತುಳಿದರೆ ಚೈನ್ ಟಕ್ಕೆಂದು ಜಿಗಿಯುತ್ತದೆ. ಮೇಲ್ಸೇತುವೆ ಹತ್ತುವಾಗ ಹಾಗಾಗಿ ಅವಳ ಮೊಣಕಾಲು ಹ್ಯಾಂಡಲ್‌ಗೆ ಬಡಿದು ಊದಿಕೊಂಡಿತು. ಅಂಗಡಿಯವರು ಈಗ ಫ್ರೀವೀಲ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಪೂರ್ತಿ ಬದಲಿಸಬೇಕು ಎನ್ನುತ್ತಾರೆ. ಅದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದರೆ, "ಆಗ ಗೊತ್ತಾಗುವುದಿಲ್ಲ ಮೇಡಂ" ಎಂಬ ಉತ್ತರ. ಇದು ನಿಜವೇ, ಅಥವಾ ಒಂದರ ಹಿಂದೆ ಒಂದು ಖರ್ಚು ಹಚ್ಚುತ್ತಿದ್ದಾರೆಯೇ? ಬೇರೆ ಅಂಗಡಿ ಹುಡುಕಬೇಕೆ? ಅಂಗಡಿಗಳ ಹೆಸರು ಬೇಡ. ನಿಮಗೆ ಏನಾಯಿತು, ಏನನ್ನು ಕಂಡು ಒಬ್ಬ ರಿಪೇರಿಯವರನ್ನು ನಂಬಿದಿರಿ ಎಂಬುದನ್ನು ಹೇಳಿದರೆ ಉಪಕಾರವಾಗುತ್ತದೆ.

ವಿನೋಬನಗರದಿಂದ

ಸೈಕಲ್ ಸರಿಯಾಗುವ ತನಕ ನಿಂತು ತುಳಿಯಬಾರದು ಎಂದು ಮೊದಲು ಮಗಳಿಗೆ ಹೇಳಿ. ಚೈನ್ ಜಿಗಿದ ಕ್ಷಣದಲ್ಲಿ ಪೆಡಲ್ ಕಾಲಡಿಯಿಂದ ಕುಸಿಯುತ್ತದೆ, ಮೈಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ವಾಹನಗಳ ನಡುವೆ ಹಾಗಾದರೆ ಮೊಣಕಾಲು ಊದುವುದರಲ್ಲಿ ಮುಗಿಯುವುದಿಲ್ಲ.

ಅಂಗಡಿಯವರು ಈಗ ಹೇಳುತ್ತಿರುವುದು ಬಹುಮಟ್ಟಿಗೆ ನಿಜ. ಆಗ ಗೊತ್ತಾಗುವುದಿಲ್ಲ ಎಂದದ್ದು ಮಾತ್ರ ಸುಳ್ಳು. ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಹೊಸ ಚೈನಿನಲ್ಲಿ 24 ಕೊಂಡಿ ಎಣಿಸಿದರೆ ಕರಾರುವಾಕ್ಕಾಗಿ 12 ಇಂಚು. ತುಳಿದಂತೆಲ್ಲ ಪಿನ್ನುಗಳೂ ಅವು ಕೂತಿರುವ ತೂತುಗಳೂ ಸವೆಯುತ್ತವೆ. ಒಂದೊಂದು ಕೊಂಡಿಯ ಕೂದಲೆಳೆಯಷ್ಟು ಸಡಿಲ ಕೂಡಿಕೊಂಡು ಚೈನ್ ಉದ್ದವಾಗುತ್ತದೆ. ಅದರ ಜೊತೆ ಹಿಂದಿನ ಹಲ್ಲುಗಳೂ ಸವೆದು, ಎರಡೂ ಒಂದಕ್ಕೊಂದು ಒಗ್ಗಿಕೊಂಡುಬಿಡುತ್ತವೆ. ಹಳೆಯ ಚೈನ್ ಇರುವವರೆಗೆ ಸವಾರರಿಗೆ ಏನೂ ತಿಳಿಯುವುದಿಲ್ಲ. ಹೊಸ ಚೈನ್ ಸವೆದ ಹಲ್ಲಿನ ಸಂದಿಯಲ್ಲಿ ಕೂರಲಾರದೆ, ಜೋರು ಬಿದ್ದಾಗ ಹಲ್ಲಿನ ಮೇಲೆ ಹತ್ತಿ ಜಿಗಿಯುತ್ತದೆ.

ಇದನ್ನು ಮೊದಲೇ ತಿಳಿಯಲು ಒಂದು ಸ್ಟೀಲ್ ಸ್ಕೇಲ್ ಸಾಕು. ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದು, ಅಲ್ಲಿಂದ 24ನೆಯ ಪಿನ್ನು ಎಲ್ಲಿದೆ ಎಂದು ನೋಡಬೇಕು. 12 ಇಂಚಿಗಿಂತ 1/16 ಇಂಚು ಆಚೆ ಹೋಗಿದ್ದರೆ ಚೈನ್ ಒಂದನ್ನೇ ಬದಲಿಸಿ ಪಾರಾಗಬಹುದು. 1/8 ಇಂಚು ಹೋಗಿದ್ದರೆ ಹಲ್ಲುಗಳೂ ಹೋದಂತೆಯೇ. ನಿಮ್ಮ ತುಂಡಾದ ಚೈನ್ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದರೆ ಕೇಳಿ ತಂದು ಅಳೆದು ನೋಡಿ.

ದುಡ್ಡು ಕೊಡುವ ಮೊದಲು ಇನ್ನೊಂದು ವಿಷಯ ಗಮನಿಸಿ. ಜಿಗಿಯುವುದು ಎಲ್ಲ ಗೇರಿನಲ್ಲೋ, ಒಂದೆರಡರಲ್ಲಿ ಮಾತ್ರವೋ? ಮಗಳು ದಿನವೂ ಬಳಸುವ ಗೇರುಗಳಲ್ಲಿ ಮಾತ್ರವಾದರೆ ಹಲ್ಲು ಸವೆದಿದೆ. ಎಲ್ಲದರಲ್ಲೂ ಆದರೆ, ಚೈನ್ ಜೋಡಿಸಿದ ಕಡೆ ಒಂದು ಕೊಂಡಿ ಬಿಗಿಯಾಗಿ ಕೂತಿರಬಹುದು. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ಗೇರಿನ ಕೆಳಗಿನ ಪುಟ್ಟ ಚಕ್ರಗಳನ್ನು ದಾಟುವಾಗ ಯಾವ ಕೊಂಡಿ ಮಡಿಸಲಾರದೆ ಸೆಟೆದು ನಿಲ್ಲುತ್ತದೆ ನೋಡಿ. ಅದು ಎರಡು ನಿಮಿಷದ ಕೆಲಸ, ಕಾಸು ಖರ್ಚಿಲ್ಲ. ಗೇರಿನ ಕೇಬಲ್ ಸಡಿಲವಾಗಿದ್ದರೂ ಹೀಗೆ ಜಿಗಿಯುವುದುಂಟು.

ನನಗೂ ಇದೇ ಆಗಿತ್ತು. ಮಳೆಗಾಲದಲ್ಲಿ ಮಂಡಗದ್ದೆಗೆ ಹಕ್ಕಿ ನೋಡಲು ಹೋಗುವ ಹಿಂದಿನ ದಿನ ಹೊಸ ಚೈನ್ ಹಾಕಿಸಿಕೊಂಡಿದ್ದೆ. ಹೋಗುವಾಗಲೇ ಗಾಜನೂರು ದಾಟುವುದರೊಳಗೆ ಹತ್ತು ಸಲ ಜಿಗಿಯಿತು. ನಡುಗಡ್ಡೆಯ ಮರಗಳ ಮೇಲಿನ ಬೆಳ್ಳಕ್ಕಿಗಳನ್ನು ನೋಡುವಷ್ಟು ಸಮಾಧಾನವೂ ಉಳಿಯಲಿಲ್ಲ. ಆಗ ಫ್ರೀವೀಲ್ ಬಿಚ್ಚಲು ಹೋದ ಅಂಗಡಿಯಲ್ಲಿ ಅದಕ್ಕೆ ತಕ್ಕ ಟೂಲ್ ಇರಲಿಲ್ಲ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯಲು ಹೊರಟರು. ಸೈಕಲ್ ಎತ್ತಿಕೊಂಡು ಬಂದುಬಿಟ್ಟೆ. ನೀವೂ ಅದನ್ನೊಂದು ಕೇಳಿ: ಫ್ರೀವೀಲ್ ಬಿಚ್ಚುವ ಟೂಲ್ ಇದೆಯೇ, ತೋರಿಸುತ್ತೀರಾ? ಇದ್ದವರು ಸಂತೋಷದಿಂದ ತೋರಿಸುತ್ತಾರೆ.

ಸಾಗರದಿಂದ

ಸಣ್ಣದೊಂದು ಸೇರಿಸುತ್ತೇನೆ. ನನ್ನದು ಡಿಸ್ಕ್ ಬ್ರೇಕ್ ಸೈಕಲ್. ಸರ್ವೀಸಿಗೆ ಕೊಟ್ಟಾಗ ಅಂಗಡಿಯ ಹುಡುಗ ಚೈನಿಗೆ ಎಣ್ಣೆ ಸಿಂಪಡಿಸುವ ಭರದಲ್ಲಿ ಡಿಸ್ಕಿಗೂ ಹೊಡೆದಿದ್ದ. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಕಿರುಚುತ್ತದೆ, ನಿಲ್ಲುವುದಿಲ್ಲ. ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಕಾಗುತ್ತದೆ. ಎಣ್ಣೆ ಕುಡಿದ ಪ್ಯಾಡುಗಳನ್ನು ಬದಲಿಸಲೇಬೇಕಾಯಿತು. ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಚೈನಿಗೆ ಸವರುವವರೋ, ದೂರದಿಂದ ಸಿಂಪಡಿಸುವವರೋ ಎಂದು ಈಗ ನಿಂತು ನೋಡುತ್ತೇನೆ.

ತೀರ್ಥಹಳ್ಳಿ ಕಡೆಯಿಂದ

ನಮ್ಮದು ಆಗುಂಬೆಯ ತಾಲೂಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆರಿದ್ರಾದಲ್ಲಿ ಹಿಡಿದ ಜಡಿ ಬಿಡುವಷ್ಟರಲ್ಲಿ ಸೈಕಲ್ಲಿನ ಒಳಗೆ ಏನು ಉಳಿದಿರುತ್ತದೆಂದು ಹೊರಗಿನಿಂದ ಹೇಳಲಾಗದು. ಕೆಂಪು ಮಣ್ಣಿನ ಕೆಸರು ಚೈನಿಗೆ ಉಜ್ಜುಕಾಗದವಿದ್ದಂತೆ. ಎಣ್ಣೆಯ ಜೊತೆ ಕಲೆತು ಅರೆಯುತ್ತಲೇ ಇರುತ್ತದೆ. ನಿಮ್ಮ ಮಗಳ ಚೈನ್ ನಾಲ್ಕು ವರ್ಷ ಬಾಳಿದ್ದೇ ದೊಡ್ಡದು.

ನಾನು ಮೊದಲು ಕೊಟ್ಟ ಅಂಗಡಿಯಲ್ಲಿ ಸರ್ವೀಸ್ ಎಂದರೆ ಬೈಕ್ ತೊಳೆಯುವ ಪಂಪಿನಲ್ಲಿ ನೀರು ಹೊಡೆದು ಮೇಲೆ ಹೊಳಪು ಹಚ್ಚುವುದು. ನೋಡಲು ಹೊಸ ಸೈಕಲ್ಲೇ. ತಿಂಗಳೊಳಗೆ ಹಿಂದಿನ ಚಕ್ರ ಗೊರಗೊರ ಎನ್ನತೊಡಗಿತು. ಚಕ್ರದ ನಡುವಿನ ಹಬ್ಬಿನೊಳಗಿನ ಗ್ರೀಸಿನ ಜಾಗಕ್ಕೆ ಆ ಜೋರು ನೀರೇ ನುಗ್ಗಿತ್ತು. ಕೇಳಲು ಹೋದರೆ ಹೊಸ ಚಕ್ರವನ್ನೇ ಹಾಕಿಸಿ ಎಂದರು.

ಆಮೇಲೆ ಊರಿನ ಕೊನೆಯಲ್ಲಿ ತಗಡಿನ ಮಾಡಿನ ಒಂದು ಸಣ್ಣ ಅಂಗಡಿ ಸಿಕ್ಕಿತು. ಬೋರ್ಡೂ ಇಲ್ಲ, ವಯಸ್ಸಾದವರೊಬ್ಬರೇ. ಚಕ್ರ ಬಿಚ್ಚಿ, ಬಾಲ್ಸುಗಳನ್ನು ಹಿಡಿದಿಡುವ ಕೋನನ್ನು ಸಡಿಲಿಸಿ, ಒಳಗಿದ್ದ ಬಾಲ್ಸುಗಳನ್ನು ಒಂದು ಮುಚ್ಚಳದಲ್ಲಿದ್ದ ಸೀಮೆಎಣ್ಣೆಗೆ ಬೀಳಿಸಿದರು. ಬೆರಳಿನಿಂದ ಕದಡಿ, ಕಾಗದದ ಮೇಲೆ ಹರವಿ, ನನ್ನನ್ನು ಹತ್ತಿರ ಕರೆದರು. "ಎಣಿಸಿ" ಎಂದರು. ಹಿಂದಿನ ಚಕ್ರಕ್ಕೆ ಒಂದೊಂದು ಬದಿಗೆ ಒಂಬತ್ತು, ಒಟ್ಟು 18 ಇರಬೇಕು. 17 ಇದ್ದವು. ಅದರಲ್ಲೊಂದನ್ನು ನನ್ನ ಅಂಗೈ ಮೇಲಿಟ್ಟು ಹೆಬ್ಬೆರಳಿನಲ್ಲಿ ಉರುಳಿಸಲು ಹೇಳಿದರು. ಕಣ್ಣಿಗೆ ದುಂಡಗಿದ್ದ ಗುಂಡು ಬೆರಳಿಗೆ ತರಿತರಿ ಹತ್ತಿತು. ಒಂದು ಕಡೆ ಸಿಪ್ಪೆ ಎದ್ದುಹೋಗಿತ್ತು. ಆಮೇಲೆ ಹೊಸದೊಂದನ್ನು ಇಟ್ಟರು. ಅದು ನೀರಿನ ಹನಿಯಂತೆ ಜಾರಿ ಕೈಯಿಂದ ಬಿದ್ದೇಹೋಯಿತು. ಹಬ್ಬು ಸರಿಯಾಗಿದೆ, ಕೋನುಗಳಲ್ಲಿ ಗುಳಿ ಬಿದ್ದಿಲ್ಲ, ಬಾಲ್ಸು ಮತ್ತು ಗ್ರೀಸು ಸಾಕು ಎಂದರು. ಹೊಸ ಚಕ್ರಕ್ಕೆ ಹೇಳಿದ್ದ ದುಡ್ಡಿನ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ಹೊರಡುವಾಗ ಸೀಟಿನ ಕಂಬವನ್ನು ಎಳೆದು ತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿದರು. ಅರ್ಧ ಲೋಟದಷ್ಟು ಕಂದು ನೀರು ಸುರಿಯಿತು. ಮಳೆನೀರು ಸೀಟಿನ ಕೊಳವೆಯಲ್ಲಿ ಇಳಿದು ಪೆಡಲಿನ ಆಕ್ಸಲ್ ಇರುವ ಕಡೆ ನಿಲ್ಲುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಈಗ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನಾನೇ ಮಾಡುತ್ತೇನೆ. ಕಂಬ ಎಷ್ಟು ಎತ್ತರಕ್ಕಿತ್ತು ಎಂಬುದಕ್ಕೆ ಮೊದಲು ಟೇಪು ಸುತ್ತಿ ಗುರುತು ಮಾಡಿಕೊಳ್ಳಿ.

ನಾನು ಅವರನ್ನು ನಂಬಿದ್ದು ಆ ಒಂದು ಗುಂಡಿನಿಂದ. ಕಡಿಮೆ ತೆಗೆದುಕೊಂಡರು ಎಂದಲ್ಲ, ಏನು ಕೆಟ್ಟಿದೆ ಎಂದು ನನ್ನ ಕೈಗೇ ತಿಳಿಯುವಂತೆ ಮಾಡಿದರು. ನಿಮ್ಮ ಅಂಗಡಿಯವರು ಹಳೆಯ ಫ್ರೀವೀಲನ್ನು ನಿಮ್ಮ ಕೈಗೆ ಕೊಡುತ್ತಾರೆಯೇ ನೋಡಿ.

ಭದ್ರಾವತಿಯಿಂದ

ನಮ್ಮ ತಂದೆಯವರದು ಸೈಕಲ್ ಅಂಗಡಿಯಾಗಿತ್ತು. ಗಂಟೆಗೆ ಬಾಡಿಗೆ ಕೊಡುವ ಕಾಲದಿಂದ ನಾನು ಅಲ್ಲೇ ಬೆಳೆದವನು. ಆದ್ದರಿಂದ ಗಲ್ಲೆಯ ಆಚೆ ಬದಿಯ ಮಾತನ್ನೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲೇ ಹೇಳಬೇಕಿತ್ತು ಎಂಬುದು ಸರಿ. ಆದರೆ ಹೇಳಿದರೆ ಎಷ್ಟು ಜನ ಕೇಳುತ್ತಾರೆ? ಚೈನಿನ ಜೊತೆ ಫ್ರೀವೀಲೂ ಹೋಗಿದೆ ಎಂದರೆ, "ಇವನು ಸುಲಿಯುತ್ತಾನೆ" ಎಂದು ಎದ್ದುಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಹಲವರು ಕೇಳಿದ್ದನ್ನಷ್ಟೇ ಮಾಡಿ ಕಳಿಸುವುದನ್ನು ರೂಢಿ ಮಾಡಿಕೊಂಡಿದ್ದಾರೆ. ತಂದೆಯವರು ಮಾತ್ರ ಹೇಳದೆ ಬಿಡುತ್ತಿರಲಿಲ್ಲ. ಗಿರಾಕಿ ಬೇಡವೆಂದರೆ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು.

ಇನ್ನೊಂದು ಕಾರಣ, ಸೈಕಲ್ಲುಗಳೇ ಬದಲಾದವು. ಹಳೆಯ ಕಪ್ಪು ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ. ಯಾವ ಊರಿನ ಅಂಗಡಿಗೆ ಹೋದರೂ ಅದೇ ಬಾಲ್ಸು, ಪೆಡಲಿನ ಕೈಯನ್ನು ಬಿಗಿಯುವ ಅದೇ ಕಾಟರ್ ಪಿನ್ನು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗಲೂ ಅವು ನಮಗೆ ಗೊತ್ತಿದ್ದ ಬಗೆಯವೇ, ಕೈತುಂಬ ಕೆಲಸ ಸಿಕ್ಕಿತು. ಗೇರು, ಡಿಸ್ಕು ಬಂದ ಮೇಲೆ ಒಂದೊಂದಕ್ಕೂ ಬೇರೆ ಟೂಲ್ ಬೇಕು. ಅವನ್ನು ಕೊಳ್ಳದೆ ಸುತ್ತಿಗೆ ಹಿಡಿದವರೂ ಇದ್ದಾರೆ, ಕೊಂಡು ಕಲಿತವರೂ ಇದ್ದಾರೆ. ಹೊಸಬರೊಬ್ಬರು ಎಡ ಪೆಡಲನ್ನು ಬಲದಂತೆಯೇ ತಿರುಗಿಸಿ ಬಿಗಿಯಲು ಹೋಗಿ ಪೆಡಲ್ ಕೂರುವ ಕ್ರ್ಯಾಂಕಿನ ಮರೆಯನ್ನೇ, ಅಂದರೆ ತಿರುಪಿನ ಗೆರೆಗಳನ್ನೇ, ಹಾಳುಮಾಡಿದ್ದನ್ನು ನೋಡಿದ್ದೇನೆ. ಎಡ ಪೆಡಲಿಗೆ ಉಲ್ಟಾ ಮರೆ. ಅದು ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ.

ಶಾಲೆ ಶುರುವಾಗುವ ವಾರ ಯಾವ ಅಂಗಡಿಗೂ ದೊಡ್ಡ ಕೆಲಸ ಕೊಡಬೇಡಿ. ಸಾಲುಗಟ್ಟಿ ನಿಂತ ಸೈಕಲ್ಲುಗಳ ನಡುವೆ ಯಾರೂ ಹಬ್ಬು ಬಿಚ್ಚಿ ಬಾಲ್ಸು ಎಣಿಸುವುದಿಲ್ಲ. ಏಪ್ರಿಲ್‌ನಲ್ಲಿ ಕೊಟ್ಟು, ಎರಡು ದಿನ ಇಟ್ಟುಕೊಳ್ಳಿ ಎನ್ನಿ. ಆಗ ಕೆಲಸದ ಹದವೇ ಬೇರೆ.

ಹೊಸನಗರದಿಂದ

ಎಲ್ಲರೂ ಅಂಗಡಿಯ ಮಾತನ್ನೇ ಆಡುತ್ತಿದ್ದೀರಿ. ನಮ್ಮ ಮನೆಯಿಂದ ಹತ್ತಿರದ ಸೈಕಲ್ ಅಂಗಡಿಗೆ ಒಂಬತ್ತು ಕಿಲೋಮೀಟರ್. ಮಗಳಿಗೆ ಪಂಕ್ಚರ್ ಹಾಕುವುದನ್ನಾದರೂ ಕಲಿಸಿ ಎಂಬುದು ನನ್ನ ಮಾತು. ಟ್ಯೂಬ್ ಪೂರ್ತಿ ಒಣಗಿರಬೇಕು, ಸಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಅಂಟಿಸದೆ ಅದು ಆರುವ ತನಕ ಕಾಯಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಟ್ಯೂಬನ್ನು ಬಚ್ಚಲೊಲೆಯ ಹತ್ತಿರ ಸ್ವಲ್ಪ ಹೊತ್ತು ನೇತುಹಾಕುತ್ತೇವೆ. ಟಯರಿನ ಒಳಭಾಗವನ್ನು ಬೆರಳಿನಿಂದ ನಿಧಾನವಾಗಿ ಸವರಿ ಮುಳ್ಳು ತೆಗೆಯದಿದ್ದರೆ ಮರುದಿನ ಅದೇ ಜಾಗದಲ್ಲಿ ಮತ್ತೆ ಗಾಳಿ ಹೋಗುತ್ತದೆ. ಒಂದೇ ಮುಳ್ಳಿಗೆ ಮೂರು ಸಲ ದುಡ್ಡು ಕೊಟ್ಟವರನ್ನು ಬಲ್ಲೆ.

ಮತ್ತೆ ಗೋಪಾಳದಿಂದ

ಎಲ್ಲರಿಗೂ ಮನಸಾರೆ ಧನ್ಯವಾದ. ಭಾನುವಾರ ಮಗಳೇ ಒಂದೊಂದು ಗೇರಿಗೆ ಹಾಕಿ ಮನೆಯ ಮುಂದಿನ ರಸ್ತೆಯಲ್ಲಿ ತುಳಿದು ನೋಡಿದಳು. ಜಿಗಿಯುವುದು ಫ್ರೀವೀಲಿನ ಕೊನೆಯ ಎರಡು ಸಣ್ಣ ಹಲ್ಲುಚಕ್ರಗಳಲ್ಲಿ ಮಾತ್ರ, ಉಳಿದವುಗಳಲ್ಲಿ ತೊಂದರೆಯಿಲ್ಲ. ಹಳೆಯ ಚೈನ್ ಅಂಗಡಿಯ ಡಬ್ಬದಲ್ಲೇ ಇತ್ತು, ಕೇಳಿ ತೆಗೆಸಿದೆ. ಸ್ಕೇಲ್ ಇಟ್ಟರೆ 24ನೆಯ ಪಿನ್ನು 12 ಇಂಚಿನ ಗೆರೆಯನ್ನು ದಾಟಿ 1/8 ಇಂಚಿಗೂ ಹೆಚ್ಚು ಆಚೆಗಿತ್ತು. ಅಂಗಡಿಯವರೂ ಬಗ್ಗಿ ನೋಡಿದರು. "ಇದನ್ನು ಅವತ್ತೇ ಅಳೆಯಬೇಕಿತ್ತು ಮೇಡಂ, ನನ್ನದು ತಪ್ಪಾಯಿತು" ಎಂದರು. ಆ ಮಾತು ಕೇಳಿದ ಮೇಲೆ ಬೇರೆ ಅಂಗಡಿ ಹುಡುಕುವ ಮನಸ್ಸಾಗಲಿಲ್ಲ.

ಟೂಲ್ ಇತ್ತು, ತೋರಿಸಿದರು. ಹಳೆಯ ಫ್ರೀವೀಲ್ ಬಿಚ್ಚಿ ಹೊಸದರ ಪಕ್ಕ ಇಟ್ಟರು. ದೊಡ್ಡ ಚಕ್ರಗಳಲ್ಲಿ ಹೆಚ್ಚೇನೂ ಭೇದ ಕಾಣಲಿಲ್ಲ. ಸಣ್ಣ ಎರಡರಲ್ಲಿ ಹಲ್ಲುಗಳು ಒಂದೇ ಕಡೆಗೆ ಬಾಗಿ ಮೀನಿನ ರೆಕ್ಕೆಯಂತೆ ಚೂಪಾಗಿದ್ದವು. ಫ್ರೀವೀಲಿನ ದುಡ್ಡು ಮಾತ್ರ ತೆಗೆದುಕೊಂಡರು, ಕೂಲಿ ಬೇಡವೆಂದರು. ಸೀಟಿನ ಕಂಬ ತೆಗೆದು ತಲೆಕೆಳಗು ಮಾಡಲು ನಾನೇ ಹೇಳಿದೆ. ನಮ್ಮದರಲ್ಲಿ ನೀರಿರಲಿಲ್ಲ, ಒಂದಿಷ್ಟು ತುಕ್ಕಿನ ಪುಡಿ ಉದುರಿತು.

ನಿನ್ನೆ ಮಗಳು ಮೇಲ್ಸೇತುವೆಯನ್ನು ಕೂತೇ ಹತ್ತಿದಳಂತೆ, ಒಮ್ಮೆಯೂ ಜಿಗಿಯಲಿಲ್ಲ. ನಿಂತು ತುಳಿಯಲು ಅವಳಿಗೆ ಇನ್ನೂ ಅಳುಕು. ಕೇಬಲ್ ಹಿಗ್ಗುತ್ತದೆ, ಹದಿನೈದು ದಿನ ಬಿಟ್ಟು ತನ್ನಿ, ಮತ್ತೆ ಹದ ಮಾಡಿಕೊಡುತ್ತೇನೆ ಎಂದು ಅಂಗಡಿಯವರು ಹೇಳಿದ್ದಾರೆ. ಅವತ್ತು ಪಂಕ್ಚರ್ ಹಾಕುವುದನ್ನು ಹೇಳಿಕೊಡುತ್ತೀರಾ ಎಂದು ಮಗಳು ಕೇಳಿದ್ದಾಳೆ. ಮಧ್ಯಾಹ್ನ ಮೂರರ ಮೇಲೆ ಬಾ, ಆಗ ಗಿರಾಕಿಗಳು ಕಡಿಮೆ ಎಂದಿದ್ದಾರೆ.