ಪಿಟಿ ಪೀರಿಯಡ್‌ನಲ್ಲಿ ದೇಶಪ್ರೇಮ ಕಲಿಸೋದು ಹೇಗೆ?

ಸೀಟಿ ಮೇಷ್ಟ್ರು:
ಹಾವೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಪಿಟಿ ಮೇಷ್ಟ್ರು. ಜುಲೈ ಬಂತೆಂದರೆ ಆಗಸ್ಟ್ 15ರ ಪರೇಡ್ ಬಿಟ್ಟು ಬೇರೆ ಕೆಲಸ ಇಲ್ಲ. ಸಾವಧಾನ್, ವಿಶ್ರಾಮ್, ಏಕ್ ದೋ ಏಕ್. ಕಬಡ್ಡಿ, ಖೋಖೋ ಎಲ್ಲ ಬಂದ್. ಹೋದ ವರ್ಷ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತಲೆ ತಿರುಗಿ ಬಿದ್ದಳು. ಬೆಳಿಗ್ಗೆ ಏನು ತಿಂದಿದ್ದೆ ಅಂದ್ರೆ ಚಹಾ, ಎರಡು ಬಿಸ್ಕತ್ತು. ಕೈ ಎಷ್ಟು ಎತ್ತಬೇಕು ಅಂತ ಎಲ್ಲರಿಗೂ ಗೊತ್ತು. ಬಾವುಟದ ಚಕ್ರದಲ್ಲಿ ಎಷ್ಟು ಗೆರೆ ಅಂದ್ರೆ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಮಕ್ಕಳಲ್ಲಿ ದೇಶಪ್ರೇಮ ಬೆಳೆಸಿ’ ಅಂತ ಮೇಲಿಂದ ಹೇಳ್ತಾರೆ. ಹೇಗೆ ಅಂತ ಯಾರೂ ಹೇಳಲ್ಲ.

ನಿವೃತ್ತ ಪಿಟಿ:
ಡ್ರಿಲ್ ಬಿಡಬೇಡಿ, ಇಪ್ಪತ್ತು ನಿಮಿಷ ಸಾಕು. ನಾನು ಸೇವಾದಳ ಅನ್ನೋ ಸ್ವಯಂಸೇವಕರ ಸಂಘಟನೆಯಲ್ಲಿ ಕಲಿತವನು. 1923ರಲ್ಲಿ ನಾಗಪುರದ ಝಂಡಾ ಸತ್ಯಾಗ್ರಹಕ್ಕೆ, ಅಂದ್ರೆ ಬಾವುಟ ಹಿಡಿದು ನಡೆಯುವ ಹಕ್ಕಿಗಾಗಿ ಬ್ರಿಟಿಷರ ವಿರುದ್ಧ ನಡೆದ ಹೋರಾಟಕ್ಕೆ, ಹುಬ್ಬಳ್ಳಿಯ ಹುಡುಗರನ್ನು ಕರೆದುಕೊಂಡು ಹೋಗಿ ಜೈಲು ಕಂಡವರು ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರ್. ಅದೇ ವರ್ಷದ ಕೊನೆಗೆ ಕಾಕಿನಾಡದಲ್ಲಿ ಸೇವಾದಳ ಹುಟ್ಟಿತು. ಈ ಕತೆ ನೆರಳಲ್ಲಿ ಕೂರಿಸಿ ಹೇಳಿ, ಮಕ್ಕಳು ಕಿವಿ ಕೊಡ್ತಾರೆ.

ಇನ್ನೊಂದು, ಹಗ್ಗ ಮಕ್ಕಳ ಕೈಗೆ ಕೊಡಿ. ಹೂವಿನ ಎಸಳು ಒಳಗಿಟ್ಟು ಬಾವುಟ ಮಡಚಿ ಜಾರುಗಂಟು ಹಾಕೋದು ಕಲಿಸಿ. ಬಿಗಿಯಾದರೆ ಅತಿಥಿಗಳು ಎಳೆದಷ್ಟೂ ಬಿಚ್ಚಲ್ಲ. ಸಡಿಲಾದರೆ ಅರ್ಧ ಏರುವಷ್ಟರಲ್ಲೇ ಎಸಳು ಉದುರುತ್ತೆ. ನನ್ನ ಸರ್ವಿಸ್‌ನಲ್ಲಿ ಎರಡೂ ಆಗಿದೆ, ಒಮ್ಮೆ ಎಂಎಲ್ಎ ಎದುರೇ!

ಹುಬ್ಬಳ್ಳಿ ಅಮ್ಮ:
ಸರ್, ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಕೇಂದ್ರ ನಿಮಗೇನೂ ದೂರ ಅಲ್ಲ, ಒಂದು ದಿನ ಮಕ್ಕಳನ್ನು ಕರ್ಕೊಂಡು ಬನ್ನಿ. ಅಲ್ಲಿ ಬಾವುಟ ಹೊಲಿಯುವವರಲ್ಲಿ ಹೆಣ್ಮಕ್ಕಳೇ ಜಾಸ್ತಿ. ಚಕ್ರ ಎರಡೂ ಕಡೆ ಕರೆಕ್ಟಾಗಿ ಒಂದೇ ಜಾಗಕ್ಕೆ ಕೂರಬೇಕು. ಅದನ್ನು ನೋಡಿ ಬಂದಮೇಲೆ ನನ್ನ ಮಗ ಅಂಗಡಿಯ ಪ್ಲಾಸ್ಟಿಕ್ ಬಾವುಟ ಬೇಡ ಅಂದ.

ಸೀಟಿ ಮೇಷ್ಟ್ರು:
ಎಲ್ಲರಿಗೂ ಥ್ಯಾಂಕ್ಸ್. ಬೆಂಗೇರಿಗೆ ಬಸ್ ಖರ್ಚಿನ ಲೆಕ್ಕ ಹಾಕ್ತಾ ಇದ್ದೇನೆ. ಗಂಟಿನ ಪಾಠ ಮಾತ್ರ ಸೋಮವಾರವೇ ಶುರು ಮಾಡಿದೆ. ಬಾವುಟದ ಬದಲು ನನ್ನ ಹಳೇ ಟವೆಲ್, ಎಸಳಿನ ಬದಲು ಬೇವಿನೆಲೆ. ಮೊದಲು ಕಲಿತವಳು ಹೋದ ವರ್ಷ ಬಿದ್ದಿದ್ದಳಲ್ಲ, ಅದೇ ಹುಡುಗಿ. ಬಾವುಟ ನೆಲಕ್ಕೆ ತಾಗಬಾರದು ಅಂತ ಹೇಳಿದ್ದೆ. ನಿನ್ನೆ ಟವೆಲ್ ಕೆಳಗೆ ಬಿತ್ತು ಅಂತ ಇಬ್ಬರು ಹುಡುಗರು ಕೈ ಕೈ ಮಿಲಾಯಿಸಿದರು. ಬಿಡಿಸೋಕೆ ಸೀಟಿ ಊದಬೇಕಾಯ್ತು.